ಅವರ ಮೆಡಿಕೇರ್ ಕಾರ್ಡಿಗೆ ನಿಮ್ಮ ಹೆಸರು ಸೇರಲ್ಲ ಅಕ್ಕಾ, ಆದ್ರೆ...

ಅಕ್ಕಾ, ನಿಮಗೀಗ 66, ಮಗಳು ಮಾಡಿಸಿದ ಗ್ರೀನ್ ಕಾರ್ಡ್ ಮೇಲೆ ಮೈಸೂರಿಂದ ನ್ಯೂಜೆರ್ಸಿಗೆ ಬಂದು ಎಂಟು ತಿಂಗಳು, ಇಲ್ಲಿ ಪರಿಚಯ ಆದ 70ರ ನಮ್ಮೂರ ಕಡೆಯೋರನ್ನ ಮದುವೆ ಆದ್ರೆ ಮೆಡಿಕೇರ್, ಅದೇ ಇಲ್ಲಿ 65 ದಾಟಿದೋರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ, ಸಿಗತ್ತಾ, ಇಲ್ಲ ಐದು ವರ್ಷ ಕಾಯ್ಲೇಬೇಕಾ ಅಂತ ಕೇಳಿದ್ರಲ್ಲ. ಮೊದಲು ಮದುವೆಗೆ ಶುಭಾಶಯ, ಜನ ಏನಂತಾರೋ ಅಂತ ಕೂರಬೇಡಿ, ನಾನೂ 64ಕ್ಕೆ ಎರಡನೇ ಮದುವೆ ಆದೋಳೇ.

ಮೆಡಿಕೇರ್ ಅಂದ್ರೆ ನಮ್ಮ ರೇಷನ್ ಕಾರ್ಡ್ ಥರ ಅಲ್ಲ, ಮನೆಯೋರ ಹೆಸರೆಲ್ಲ ಒಂದರಲ್ಲೇ ಬರಲ್ಲ, ಅವರವರ ಕಾರ್ಡ್ ಅವರವರಿಗೆ. ಆದ್ರೆ ಅವರು ದುಡಿದ ಲೆಕ್ಕ ನಿಮಗೂ ಬರತ್ತೆ. ಹತ್ತು ವರ್ಷ, ಅಂದ್ರೆ 40 ಕ್ರೆಡಿಟ್, ಅವರು ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಲಸ ಮಾಡಿದ್ರೆ, ಮದುವೆ ಆಗಿ ಒಂದು ವರ್ಷ ತುಂಬಿದ ಮೇಲೆ ಅವರ ಲೆಕ್ಕದಲ್ಲೇ ನಿಮಗೆ ಪಾರ್ಟ್ ಎ, ಅದೇ ಆಸ್ಪತ್ರೆದು, ಪ್ರೀಮಿಯಂ ಇಲ್ದೆ ಸಿಗತ್ತೆ, ಐದು ವರ್ಷದ ಷರತ್ತು ಆಗ ಅಡ್ಡ ಬರಲ್ಲ. ಮದುವೆ ಆಗದೇ ಇದ್ರೆ ಐದು ವರ್ಷ ಇಲ್ಲೇ ಇದ್ದು ಆಮೇಲೆ ದುಡ್ಡು ಕೊಟ್ಟು ತಗೋಬೇಕು, 2025ರ ರೇಟಲ್ಲಿ ಪಾರ್ಟ್ ಎಗೇ ತಿಂಗಳಿಗೆ 518 ಡಾಲರ್ ಇತ್ತು. ಪಾರ್ಟ್ ಬಿ, ಡಾಕ್ಟರ್ ಖರ್ಚಿಂದು, ಮದುವೆ ಆದ್ರೂ ಫ್ರೀ ಇಲ್ಲ, ಕಟ್ಲೇಬೇಕು, 2025ರಲ್ಲಿ ತಿಂಗಳಿಗೆ 185 ಡಾಲರ್ ಇತ್ತು. ಆಮೇಲೆ ನೋಡೋಣ ಅಂತ ತಡ ಮಾಡಿದ್ರೆ ಒಂದೊಂದು ವರ್ಷಕ್ಕೆ 10 ಪರ್ಸೆಂಟ್ ದಂಡ, ಅದೂ ಸಾಯೋ ತನಕ.

ಇನ್ನು ಯಾರೂ ಬಾಯಿಬಿಟ್ಟು ಹೇಳದೇ ಇರೋದು ಟ್ಯಾಕ್ಸ್ ವಿಷಯ. ನಾವು ಮದುವೆ ಆದ 2023ರಲ್ಲೇ ನಮ್ಮೋರು ಬಾಡಿಗೆಗೆ ಕೊಟ್ಟಿದ್ದ ಮನೆ ಮಾರಿದ್ರು, ಇಬ್ಬರೂ ಸೇರಿ ರಿಟರ್ನ್ ಹಾಕಿದ್ವಿ, ನಾನು ಅದನ್ನ ಮರ್ತೇ ಬಿಟ್ಟಿದ್ದೆ. ಮೆಡಿಕೇರ್‌ನೋರು ಎರಡು ವರ್ಷ ಹಿಂದಿನ ಆದಾಯ ನೋಡ್ತಾರೆ, ಗಂಡ ಹೆಂಡತಿ ಸೇರಿ 2,12,000 ಡಾಲರ್ ಗಡಿ ದಾಟಿತ್ತು, 2025ಕ್ಕೆ ನನಗೆ ಬಂದ ಕಾಗದದಲ್ಲಿ ಪಾರ್ಟ್ ಬಿಗೆ 185ರ ಬದಲು 259 ಅಂತ ಇತ್ತು! ನನ್ನ ಸ್ವಂತ ಆದಾಯ ನೋಡಿದ್ರೆ ನಗು ಬರ್ಬೇಕು. ಮನೆ ಮಾರಿದ್ದರಿಂದ ಆದಾಯ ಏರಿತು ಅಂದ್ರೆ ಇದರಲ್ಲಿ ವಿನಾಯಿತಿ ಇಲ್ಲ. ಬೇರೆ ಬೇರೆ ರಿಟರ್ನ್ ಹಾಕಿದ್ರಾಯ್ತು ಅಂತ ಪರಿಚಯದೋರೊಬ್ರು ಐಡಿಯಾ ಕೊಟ್ಟಿದ್ರು, ಪುಣ್ಯ ಕೇಳಲಿಲ್ಲ, ಒಟ್ಟಿಗೆ ಇದ್ದುಕೊಂಡು ಹಾಗೆ ಮಾಡಿದ್ರೆ 1,06,000 ದಾಟಿದೋರಿಗೆ 2025ರಲ್ಲಿ ಪಾರ್ಟ್ ಬಿ ನೇರ ಕನಿಷ್ಠ 591.90 ಇತ್ತು. ಮದುವೆ ಥರದ ಕೆಲವು ಬದಲಾವಣೆಯಿಂದ ಆದಾಯದ ಲೆಕ್ಕ ಬದಲಾದ್ರೆ ಮಾತ್ರ ಸೋಶಿಯಲ್ ಸೆಕ್ಯೂರಿಟಿ ಆಫೀಸಿಗೆ ಎಸ್‌ಎಸ್‌ಎ-44 ಫಾರಂ ಹಾಕಿ ಮತ್ತೆ ನೋಡಿ ಅಂತ ಕೇಳಬಹುದು. ಅದಕ್ಕೇ ಅವರ ಹತ್ರ ಮಾರೋಕಿರೋ ಆಸ್ತಿ ಇದೆಯಾ ಅಂತ ಸಂಕೋಚ ಬಿಟ್ಟು ಈಗಲೇ ಕೇಳಿ.

ಮತ್ತೆ ಅವರ ಲೆಕ್ಕದಲ್ಲಿ ಮೆಡಿಕೇರ್‌ಗೆ ಅರ್ಜಿ ಹಾಕೋಕೆ ಮದುವೆ ಸರ್ಟಿಫಿಕೇಟ್ ಒರಿಜಿನಲ್ ಬೇಕು, ಜೋಪಾನ, ಜೆರಾಕ್ಸ್ ನಡೆಯಲ್ಲ, ದೇವಸ್ಥಾನದ ರಸೀದಿ ಅಂತೂ ಬೇಡ್ವೇ ಬೇಡ. ಪಾಸ್‌ಪೋರ್ಟಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ರೆ ಸರ್ಟಿಫಿಕೇಟಲ್ಲೂ ಹಾಗೇ ಬರೆಸಿ, ನಾನು ಇದೊಂದಕ್ಕೆ ಎರಡು ಸಲ ಅಲೆದಿದ್ದೀನಿ.

ಚಳಿಗಾಲಕ್ಕೆ ಮೈಸೂರಿಗೆ ಹೋದ್ರೆ ಅಲ್ಲಿನ ಆಸ್ಪತ್ರೆ ಖರ್ಚು ಮೆಡಿಕೇರ್ ಕೊಡಲ್ಲ, ಅದಕ್ಕೆ ಬೇರೆ ಇನ್ಶೂರೆನ್ಸ್ ಇರಲಿ. ಈಗ ಮಾರ್ಕೆಟ್‌ಪ್ಲೇಸ್ ಪ್ಲಾನ್, ಅದೇ ಸರ್ಕಾರದ ಸೈಟಲ್ಲಿ ತಗೊಳ್ಳೋ ಖಾಸಗಿ ಇನ್ಶೂರೆನ್ಸ್, ಏನಾದ್ರೂ ಇದ್ರೆ ಮದುವೆ ಆಯ್ತು ಅಂತ ಅಲ್ಲಿ ತಿಳಿಸಿ, ಇಬ್ಬರ ಆದಾಯ ಸೇರಿ ಸಬ್ಸಿಡಿ ಕಮ್ಮಿ ಆಗಬಹುದು, ಆದ್ರೂ ನಿಮ್ಮ ಕೈಗೆ ಮೆಡಿಕೇರ್ ಕಾರ್ಡ್ ಬಂದು ಶುರುವಾಗೋ ತಾರೀಕು ನೋಡೋ ತನಕ ಅದನ್ನ ಕ್ಯಾನ್ಸಲ್ ಮಾಡ್ಬೇಡಿ.