ಡಿಸ್‌ಪ್ಲೇ 4, ಇನ್‌ಸ್ಪೆಕ್ಟರ್ ಲೆಕ್ಕ 9
ನಿಮ್ಮ ಅಂಗಡಿಯ ತಪಾಸಣೆಯಲ್ಲಿ ಫ್ರಿಜ್ ಸಾಕಷ್ಟು ತಣ್ಣಗಿಲ್ಲ ಅಂದರು, ಚಿಕ್ಕ ವಯಸ್ಸಿನವರಿಗೆ ಸಿಗರೇಟು ಮಾರಿದ್ದಕ್ಕೆ ನೋಟಿಸೂ ಬಂತು ಅಂತ ಕೇಳಿದ್ದೀರಿ. ಫ್ರಿಜ್ ಡಿಸ್‌ಪ್ಲೇ 4 ಡಿಗ್ರಿ ತೋರಿಸಿಯೂ ತಪಾಸಣೆಯಲ್ಲಿ 9 ಬಂದಿದ್ದಕ್ಕೆ ಕಾರಣ ಬಹುಶಃ ಬಾಗಿಲಿನ ರಬ್ಬರ್. ಡಿಸ್‌ಪ್ಲೇ ಅಳೆಯೋದು ಸೆನ್ಸರ್ ಇರೋ ಜಾಗವನ್ನಷ್ಟೇ. ಬಾಗಿಲಿಗೆ ಕಾಗದ ಸಿಕ್ಕಿಸಿ, ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಜಾರಿದರೆ ರಬ್ಬರ್ ಬದಲಿಸಿ. ಬಿಗಿಯಾಗಿದ್ದರೆ, ಒಳಗಿನ ಗಾಳಿ ಕಿಂಡಿಗೆ ಡಬ್ಬಿ ಅಡ್ಡ ನಿಂತಿರಬಹುದು, ಸರಿಸಿ. ಆಮೇಲೆ ಒಂದು ಲೋಟ ನೀರು ರಾತ್ರಿಯಿಡೀ ಮಧ್ಯದ ಅರೆಯಲ್ಲಿಟ್ಟು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಥರ್ಮಾಮೀಟರ್ ಅದ್ದಿ. 5ಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಮೆಕ್ಯಾನಿಕ್‌ನೇ ಗತಿ. ದಿನಾ ಎರಡು ಸಲ ಅಳೆದು ಬರೆದಿಡಿ, ಮರುತಪಾಸಣೆಯಲ್ಲಿ ಆ ಪುಸ್ತಕ ತೋರಿಸಬಹುದು.

ಸಿಗರೇಟಿನ ನೋಟಿಸು ಬೇರೆ ಕಥೆ. ಕೆಲಸದ ಹುಡುಗ ಮುಖ ನೋಡಿ ವಯಸ್ಸು ಅಂದಾಜು ಮಾಡಿದ್ದಾನೆ, ಅಷ್ಟೇ. ಎಳೆ ಮುಖ ಕಂಡರೆ ಗುರುತಿನ ಚೀಟಿ ಕೇಳಿ, ಹುಟ್ಟಿದ ದಿನಾಂಕ ಓದಿದ ಮೇಲೇ ಪ್ಯಾಕಿಗೆ ಕೈ ಹಾಕಲಿ.