ಬ್ಯಾಗಿನಲ್ಲೇ ಉಳಿದ ಕ್ಯಾಮೆರಾ

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ನನಗೆ ಈಗ ಏನೂ ಕಾಣಿಸ್ತಾ ಇಲ್ಲ ಮೇಡಂ. ಕಣ್ಣು ಚೆನ್ನಾಗೇ ಇದೆ. ಫೋಟೋ ಕಾಣಿಸ್ತಾ ಇಲ್ಲ."

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಮೊದಲ ದಿನ, ಕುರ್ಚಿಯಲ್ಲಿ ಕೂತ ಕೂಡಲೇ ಆಕೆ ಹೇಳಿದ ಮಾತು ಇದು. ವಯಸ್ಸು 35ರ ಆಸುಪಾಸು. ಹನ್ನೊಂದು ವರ್ಷದಿಂದ ಫೋಟೋಗ್ರಫಿಯೇ ಹೊಟ್ಟೆಪಾಡು. ಬೀದಿ, ರೈಲು ನಿಲ್ದಾಣ, ಜನಜಂಗುಳಿ ಅಂದ್ರೆ ಪ್ರಾಣ. ಐದು ತಿಂಗಳ ಹಿಂದೆ ಅಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮನೆಯಲ್ಲಿ ಇರುವುದು ಇವರಿಬ್ಬರೇ. ಅಂದಿನಿಂದ ಆಕೆ ಹೊರಗೆ ಹೋಗಿದ್ದು ಔಷಧಿ ತರೋಕೆ ಮಾತ್ರ.

ನಾನು ಮೊದಲು ಕೇಳಬೇಕಾದ್ದನ್ನೆಲ್ಲ ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಸಾಯಬೇಕು ಅನ್ನಿಸುತ್ತಾ. ರಾತ್ರಿ ಅಮ್ಮ ಎದ್ದಾಗಲೆಲ್ಲ ಏಳಬೇಕು, ಅದಕ್ಕೇ ನಿದ್ದೆ ತುಂಡು ತುಂಡು. ಊಟ ಸೇರುತ್ತದೆ. ಸಾಯುವ ಯೋಚನೆ ಇಲ್ಲ. ಅಮ್ಮನ ಜೊತೆ ನಗುತ್ತಾರೆ. ಹಾಗಾಗಿ ನಾನು ಇದನ್ನು ಖಿನ್ನತೆ ಎಂದು ಕರೆಯಲಿಲ್ಲ. ಆದರೆ ಓದುತ್ತಿರುವ ನಿಮಗೆ ಎರಡು ವಾರ ಕಳೆದರೂ ಮನಸ್ಸು ಏಳದೇ ಇದ್ದರೆ, ಯಾವುದರಲ್ಲೂ ಖುಷಿ ಸಿಗದೇ ಇದ್ದರೆ ದಯವಿಟ್ಟು ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಅದಕ್ಕೆ ಕ್ಯಾಮೆರಾ ಮದ್ದಲ್ಲ.

ಆಕೆಯನ್ನು ಹೆಚ್ಚು ಕಾಡುತ್ತಿದ್ದದ್ದು ಗೆಳೆಯರ ಮಾತು: "ಮನೆಯಲ್ಲೇ ಇದೀಯಲ್ಲ, ಬೇಕಾದಷ್ಟು ಟೈಮ್ ಇದೆ." ಅದನ್ನು ನಂಬಿ ಆಕೆ 14 ಕೆಲಸಗಳ ಪಟ್ಟಿ ಮಾಡಿದ್ದರು. ಎಡಿಟಿಂಗ್ ಕಲಿಯೋದು, ವೆಬ್‌ಸೈಟ್ ಮಾಡೋದು, ಹಳೇ ಫೋಟೋ ವಿಂಗಡಿಸೋದು, ಹೀಗೆ. ಒಂದೂ ಮುಗಿದಿರಲಿಲ್ಲ. ರಾತ್ರಿ ಫೋನ್ ಹಿಡಿದು ಬೇರೆಯವರ ಫೋಟೋ ನೋಡೋದು, ತನ್ನನ್ನೇ ಬೈದುಕೊಳ್ಳೋದು, ಇಷ್ಟೇ ನಡೆಯುತ್ತಿತ್ತು.

ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ಬೆಳಗ್ಗೆ ಎರಡು ಗಂಟೆ ಫೋಟೋಗೆ ಮೀಸಲಿಡಿ ಎಂದೆ. ಬೆಳಗ್ಗೆ ಅಮ್ಮನನ್ನು ಎಬ್ಬಿಸಬೇಕು, ಬಾತ್‌ರೂಮಿಗೆ ಕರೆದೊಯ್ಯಬೇಕು, ವ್ಯಾಯಾಮ ಮಾಡಿಸಬೇಕು. ಎರಡು ಗಂಟೆ ಎಲ್ಲಿಂದ ಬರಬೇಕು? ಮುಂದಿನ ವಾರ ಆಕೆ ಇನ್ನೂ ಕುಗ್ಗಿ ಬಂದರು. ಆಮೇಲೆ ಇಡೀ ದಿನವನ್ನು ಗಂಟೆ ಗಂಟೆಗೆ ಬರೆಸಿದೆ. ಯಾರೂ ಕರೆಯದ ಹೊತ್ತು ದಿನಕ್ಕೆ ಒಂದೇ. ಮಧ್ಯಾಹ್ನ ಅಮ್ಮ ಮಲಗಿದಾಗ, 40 ನಿಮಿಷ. ಆರೈಕೆ ಮಾಡುವವರು ಮನೆಯಲ್ಲಿ ಇರುತ್ತಾರೆ ಅಷ್ಟೆ, ಬಿಡುವಾಗಿ ಇರುವುದಿಲ್ಲ. ಆ ಹಾಳೆ ನೋಡಿ ಆಕೆ ತುಂಬ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ನಾನು ಸೋಮಾರಿ ಅಲ್ಲ ತಾನೇ?" ಎಂದು ಕೇಳಿದರು. ಅಲ್ಲ ಎಂದೆ.

ಆ ಸಲ ಕ್ಯಾಮೆರಾ ತನ್ನಿ ಎಂದಿದ್ದೆ. ಬ್ಯಾಗಿನ ಜಿಪ್ ಎಳೆದರೆ ಮುಗ್ಗಲು ವಾಸನೆ. ಆಕೆ ತಮ್ಮ ಇಷ್ಟದ ಜೂಮ್ ಲೆನ್ಸ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಒಳಗೆ, ಅಂಚಿನಿಂದ ನಡುವಿನ ಕಡೆಗೆ, ಜೇಡರ ಬಲೆಯ ಎಳೆಗಳಂಥ ಬಿಳಿ ಗೆರೆಗಳು. ಫಂಗಸ್. ತೇವ, ಕತ್ತಲೆ, ಗಾಳಿಯಾಡದ ಬ್ಯಾಗು ಇದ್ದರೆ ಅದು ಬೆಳೆಯುತ್ತದೆ. ಹೊರಗಿನ ಗಾಜಾದರೆ ಒರೆಸಬಹುದು. ಒಳಗೆ ಹೋದರೆ ಲೆನ್ಸ್ ಬಿಚ್ಚಬೇಕು, ಅದು ರಿಪೇರಿ ಗೊತ್ತಿದ್ದವರ ಕೆಲಸ. ಐದು ತಿಂಗಳಲ್ಲಿ ಆಕೆ ಅತ್ತಿದ್ದು ಅವತ್ತೇ ಮೊದಲಂತೆ. ನಾನು ತಡೆಯಲಿಲ್ಲ.

ಆ ಲೆನ್ಸ್ ರಿಪೇರಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಜೂಮ್ ಇಲ್ಲದ 50 ಎಂಎಂ ಲೆನ್ಸ್ ಒಂದೇ. ಸರಿ, ಅದರಲ್ಲೇ ಶುರು ಮಾಡೋಣ ಎಂದೆ. ಮೂರು ವಾರ, ಒಂದೇ ಲೆನ್ಸ್, ಒಂದೇ ಕಿಟಕಿ, ಆ 40 ನಿಮಿಷ. ದಿನಕ್ಕೆ 12 ಫ್ರೇಮ್, ಜಾಸ್ತಿ ಬೇಡ. ಯಾರಿಗೂ ತೋರಿಸಬಾರದು, ಎಲ್ಲೂ ಹಾಕಬಾರದು. ಮನಸ್ಸು ಬರಲಿ ಅಂತ ಕಾಯಬಾರದು, ಬೇಜಾರಿದ್ದರೂ ಕ್ಯಾಮೆರಾ ಕೈಗೆ ತಗೊಳ್ಳಬೇಕು. ಕುಗ್ಗಿದ ಮನಸ್ಸು ಕೆಲಸ ಶುರುವಾದ ಮೇಲೆ ಮೆಲ್ಲಗೆ ಹಿಂದೆ ಬರುವುದನ್ನು ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಆ 14ರ ಪಟ್ಟಿಯಲ್ಲಿ ನಡುವೆ ನಿಲ್ಲಿಸಿ ಏಳಬಹುದಾದ ಕೆಲಸ, ಅಂದರೆ ಹಳೇ ಫೋಟೋ ಆರಿಸೋದು, ಬ್ಯಾಕಪ್, ಬಿಲ್ಲು, ಇವನ್ನು ದಿನದ ಚೂರುಪಾರು ಹೊತ್ತಿಗೆ ಬಿಟ್ಟೆವು. ಉಳಿದದ್ದನ್ನು ಹೊಡೆದುಹಾಕಿದೆವು.

ಕಿಟಕಿ ಒಂದರಲ್ಲಿ ಏನು ಸಿಗುತ್ತೆ ಎಂದು ಆಕೆ ಕೇಳಲಿಲ್ಲ. ಅದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇವತ್ತಿಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವೇ ಫ್ರಾನ್ಸಿನ ಸಂಶೋಧಕ ನಿಯೆಪ್ಸ್ 1826-27ರಲ್ಲಿ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ಪ್ರಾಗ್‌ನ ಫೋಟೋಗ್ರಾಫರ್ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1940ರಿಂದ, ಊರು ನಾಜಿಗಳ ಕೈಲಿದ್ದಾಗ, ತಮ್ಮ ಸ್ಟುಡಿಯೋದ ಕಿಟಕಿಯನ್ನೇ ವರ್ಷಗಟ್ಟಲೆ ತೆಗೆದರು. ಇದನ್ನೆಲ್ಲ ನನಗೆ ಹೇಳಿದ್ದೇ ಆಕೆ. ಹೇಳುವಾಗ ಅವರ ದನಿ ಮೊದಲ ಸಲ ಏರಿತ್ತು.

ಮೊದಲ ವಾರ ಬರೀ ನೀರಿನ ಲೋಟ. "ಎಲ್ಲಾ ಒಂದೇ ಥರ ಇದೆ" ಎಂದು ಗೊಣಗಿದರು. ಎರಡನೇ ವಾರ ಲೋಟವನ್ನು ಕಿಟಕಿಯಿಂದ ಒಂದು ಮೊಳ ಹಿಂದೆ ಸರಿಸಿದರು. ತೆಳು ಪರದೆ ಎಳೆದರು. ಲೋಟದ ಕತ್ತಲೆ ಬದಿಗೆ ಬಿಳಿ ಹಾಳೆ ಹಿಡಿದು ನೋಡಿದರು, ತೆಗೆದು ನೋಡಿದರು. ನೀರಿನ ಅಂಚಿಗೆ ಒಂದು ಗೆರೆಯಷ್ಟು ಬೆಳಕು ಕೂತಿತ್ತು. ಅದನ್ನು ನನಗೆ ತೋರಿಸಲು ಹೊರಟು, ಯಾರಿಗೂ ತೋರಿಸಬಾರದಲ್ವಾ ಎಂದು ಫೋನ್ ಒಳಗಿಟ್ಟರು.

ಮೂರನೇ ವಾರ ಕಷ್ಟದ ಪ್ರಶ್ನೆ ಬಂತು. ಮಲಗಿದ್ದ ಅಮ್ಮನ ಫೋಟೋ ತೆಗೆದು, ಕಳ್ಳತನ ಮಾಡಿದ ಹಾಗಾಗಿ ಅಳಿಸಿದ್ದರು. ಅಮ್ಮನನ್ನು ತೆಗೆಯೋದು ತಪ್ಪಾ? ತಪ್ಪಲ್ಲ, ಆದರೆ ನಿದ್ದೆಯಲ್ಲಿರುವವರು ಬೇಡ ಅನ್ನಲಾರರು. ಎಚ್ಚರ ಇದ್ದಾಗ ಕೇಳಿ. ತೆಗೆದದ್ದನ್ನು ತೋರಿಸಿ. ಅಳಿಸು ಅಂದರೆ ಅವರ ಮುಂದೆಯೇ ಅಳಿಸಿ. ಮನೆಯವರೇ ಅಲ್ವಾ ಅಂತ ಸಲಿಗೆ ತಗೊಳ್ಳಬೇಡಿ. ದಿನವಿಡೀ ಬೇರೆಯವರ ಕೈಯಲ್ಲಿರುವ ಮೈ ಅದು. ಬೇಡ ಅನ್ನುವ ಹಕ್ಕು ಅವರಿಗೆ ಇನ್ನೂ ಜಾಸ್ತಿ ಬೇಕು.

ಅಮ್ಮ ಮುಖ ಬೇಡ ಎಂದರಂತೆ. ಕೈ ಬೇಕಾದರೆ ತೆಗಿ ಎಂದರಂತೆ.

ಕೊನೆಯ ಭೇಟಿಗೆ ಬಂದಾಗ ಹೊರಗಿನ ಕೆಲಸ ಇನ್ನೂ ಶುರುವಾಗಿರಲಿಲ್ಲ, ನಿದ್ದೆಯೂ ಪೂರ್ತಿ ಸರಿಹೋಗಿರಲಿಲ್ಲ. ಜೂಮ್ ಲೆನ್ಸ್ ರಿಪೇರಿಯಾಗಿ ಬಂದಿತ್ತು, ಅಂಚಿನಲ್ಲಿ ಚಿಕ್ಕ ಕಲೆ ಉಳಿದಿತ್ತು. ಅದನ್ನು ಗಾಳಿಯಾಡುವ ಕಪಾಟಿನಲ್ಲಿ ಇಟ್ಟಿದ್ದಾರೆ. ಈ ಸಲ ಒಂದು ಫೋಟೋ ತೋರಿಸಿದರು. ವಾಕರ್ ಹಿಡಿದ ಎರಡು ಕೈ. ಗೆಣ್ಣುಗಳು ಬಿಳಿಚಿವೆ, ಹಿಂದೆ ಕಿಟಕಿಯ ಪರದೆ ಅರ್ಧ ಸರಿದಿದೆ. ಪರದೆ ಸರಿಸು ಎಂದಿದ್ದು ಅಮ್ಮನೇ ಅಂತೆ.

"ಅವರಿಗೆ ಇಷ್ಟ ಆಯ್ತಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಉಗುರು ಕತ್ತರಿಸಿರಲಿಲ್ಲ, ನಾಳೆ ಇನ್ನೊಂದ್ಸಲ ತೆಗಿ ಅಂದ್ರು."