ಪ್ರತಿಕ್ರಿಯೆ: ಪ್ರಸರಣ ಕುಗ್ಗಿದ ಮಾತ್ರಕ್ಕೆ ಆಂಡರ್ಸನ್ ಸ್ಥಳೀಕರಣವೇ?

ನಮಸ್ಕಾರ. ಗಣಕದ ಅನುಕರಣೆಯಲ್ಲಿ ಎರಡು ಆಯಾಮದ ಫೋಟಾನಿಕ್ ಸ್ಫಟಿಕದ (ಬೆಳಕನ್ನು ನಿಯಂತ್ರಿಸಲು ಕ್ರಮಬದ್ಧವಾಗಿ ಜೋಡಿಸಿದ ರಚನೆ) ಸಿಲಿಕಾನ್ ಕಂಬಿಗಳನ್ನು ಯಾದೃಚ್ಛಿಕವಾಗಿ ಕದಲಿಸಿದಾಗ ಬೆಳಕಿನ ಪ್ರಸರಣ ಉದ್ದದೊಂದಿಗೆ ಘಾತೀಯವಾಗಿ ಕುಗ್ಗುತ್ತಿದೆ, ಇದನ್ನು ಆಂಡರ್ಸನ್ ಸ್ಥಳೀಕರಣ (ಅವ್ಯವಸ್ಥೆಯಿಂದ ಚದುರಿದ ಅಲೆ ತನ್ನೊಂದಿಗೆ ತಾನೇ ಬೆರೆತು ಒಂದೆಡೆ ಸಿಕ್ಕಿಬೀಳುವುದು) ಎನ್ನಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆನ್ನಲಾಗದು. ಬ್ಯಾಂಡ್ ಗ್ಯಾಪ್‌ನ (ಸ್ಫಟಿಕ ಬೆಳಕನ್ನು ಹಾಯಗೊಡದ ಆವೃತ್ತಿಗಳ ವ್ಯಾಪ್ತಿ) ಒಳಗಿನ ಆವೃತ್ತಿಯಾದರೆ ಯಾವ ಅವ್ಯವಸ್ಥೆಯೂ ಇಲ್ಲದ ಸ್ಫಟಿಕದಲ್ಲೂ ಪ್ರಸರಣ ಘಾತೀಯವಾಗಿಯೇ ಇಳಿಯುತ್ತದೆ. ವಸ್ತು ಬೆಳಕನ್ನು ಹೀರಿಕೊಂಡರೂ ರೇಖೆ ಹಾಗೆಯೇ ಕಾಣುತ್ತದೆ.

ಆದ್ದರಿಂದ ಪರ್ಮಿಟಿವಿಟಿಯ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ) ಕಾಲ್ಪನಿಕ ಭಾಗವನ್ನು ಸೊನ್ನೆಯಾಗಿಸಿ ಹೀರುವಿಕೆಯನ್ನು ತೆಗೆದುಹಾಕಿ, ಗ್ಯಾಪ್‌ನ ಅಂಚಿಗೆ ತುಸು ಹೊರಗಿನ ಆವೃತ್ತಿಯನ್ನು ಆರಿಸಿಕೊಳ್ಳಿ. ಅವ್ಯವಸ್ಥೆ ಹೊಕ್ಕ ಸ್ಫಟಿಕದಲ್ಲಿ ಬೆಳಕು ಪ್ರಬಲವಾಗಿ ಸ್ಥಳೀಕರಣಗೊಳ್ಳಬಲ್ಲದೆಂದು ಭೌತವಿಜ್ಞಾನಿ ಸಜೀವ್ ಜಾನ್ 1987ರಲ್ಲಿ ತೋರಿಸಿದ್ದು ಇಂಥ ಆವೃತ್ತಿಗಳ ಆಸುಪಾಸಿನಲ್ಲೇ. ಕಂಬಿಗಳನ್ನು ಬೇರೆಬೇರೆ ರೀತಿ ಕದಲಿಸಿದ ಹಲವು ಮಾದರಿಗಳ ಸರಾಸರಿಯನ್ನು ಪ್ರಸರಣದ ಮೇಲಲ್ಲ, ಅದರ ಲಾಗರಿದಮ್ ಮೇಲೆ ತೆಗೆಯಿರಿ, ಏಕೆಂದರೆ ಅನುರಣನದಿಂದ ಬೆಳಕನ್ನು ಬಹುಪಾಲು ಹಾಯಗೊಡುವ ಕೆಲವೇ ಅಪರೂಪದ ಮಾದರಿಗಳು ಸಾಮಾನ್ಯ ಸರಾಸರಿಯನ್ನು ಪೂರ್ತಿ ತಮ್ಮತ್ತ ಎಳೆದುಬಿಡುತ್ತವೆ. ಲಾಗರಿದಮ್‌ನ ಏರಿಳಿತವೂ ಉದ್ದದೊಂದಿಗೆ ಬೆಳೆಯುತ್ತಿದ್ದರೆ ಅದು ನಂಬಬಹುದಾದ ಕುರುಹು.

ನನಗೆ ಹೆಚ್ಚು ಆತಂಕವಿರುವುದು ಮಾದರಿಯ ಗಾತ್ರದ ಬಗ್ಗೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದ ಟಿ. ವಿ. ರಾಮಕೃಷ್ಣನ್ ಅವರೂ ಸೇರಿ ನಾಲ್ವರು 1979ರಲ್ಲಿ ಮಂಡಿಸಿದ ಸ್ಕೇಲಿಂಗ್ ಸಿದ್ಧಾಂತದ (ಮಾದರಿ ದೊಡ್ಡದಾದಂತೆ ಅದರ ವಹನ ಹೇಗೆ ಬದಲಾಗುತ್ತದೆಂದು ಹೇಳುವ ಸಿದ್ಧಾಂತ) ಪ್ರಕಾರ, ಎರಡು ಆಯಾಮದಲ್ಲಿ ಎಷ್ಟು ಸಣ್ಣ ಅವ್ಯವಸ್ಥೆಯಾದರೂ ಅಲೆ ಕೊನೆಗೆ ಸ್ಥಳೀಕರಣಗೊಳ್ಳುತ್ತದೆ. ಆದರೆ ಸ್ಥಳೀಕರಣದ ಉದ್ದವು (ಅಲೆ ಸಿಕ್ಕಿಬೀಳುವ ಜಾಗದ ಅಳತೆ), ಅಲೆಸಂಖ್ಯೆ (2π ಅನ್ನು ತರಂಗಾಂತರದಿಂದ ಭಾಗಿಸಿದ್ದು) ಮತ್ತು ಸರಾಸರಿ ಮುಕ್ತಪಥಗಳ (ಚದುರುವ ಮುನ್ನ ಅಲೆ ಸಾಗುವ ಸರಾಸರಿ ದೂರ) ಗುಣಲಬ್ಧದೊಂದಿಗೆ ಘಾತೀಯವಾಗಿ ಹಿಗ್ಗುತ್ತದೆ: ಗುಣಲಬ್ಧ 1 ಇದ್ದಾಗ ಅದು ಮುಕ್ತಪಥದ ಸುಮಾರು 5 ಪಟ್ಟು, 4 ಆದಾಗ 500 ಪಟ್ಟಿಗೂ ಹೆಚ್ಚು. ಮಾದರಿ ಅದಕ್ಕಿಂತ ಚಿಕ್ಕದಾಗಿದ್ದರೆ ನೀವು ಕಾಣುವುದು ಬಹುಮಟ್ಟಿಗೆ ಬರಿಯ ವಿಸರಣವನ್ನು, ಅಂದರೆ ಬೆಳಕು ಸಿಕ್ಕಿಬೀಳದೆ ಚದುರುತ್ತ ಹರಡುವುದನ್ನು.

ವಿದ್ಯುತ್ ಕ್ಷೇತ್ರ ಕಂಬಿಗಳಿಗೆ ಸಮಾನಾಂತರವಾಗಿರುವ ಧ್ರುವೀಕರಣದಿಂದ ಆರಂಭಿಸಿ. ಅಲ್ಲಿ ಕ್ಷೇತ್ರ ಕಂಬಿಯ ಅಂಚಿನಲ್ಲಿ ತುಂಡಾಗುವುದಿಲ್ಲವಾದ್ದರಿಂದ ಅನುಕರಣೆಯಲ್ಲಿ ಜಾಗವನ್ನು ಸಣ್ಣ ಚೌಕಗಳಾಗಿ ವಿಭಜಿಸುವ ಗ್ರಿಡ್‌ನ ದೋಷ ಕಡಿಮೆ.